ಸೊಳ್ಳೆಯ ಎಂಜಲು

ನನ್ನ ಗಂಡನ ರಕ್ತ ಕಹಿ ಎಂದು ನಮ್ಮತ್ತೆ ಊರಿಗೆಲ್ಲ ಡಂಗುರ ಹೊಡೆದಿದ್ದರು. ಮದುವೆಯಾಗಿ ಬಿಳಿಗೆರೆ ಪಕ್ಕದ ಈ ತೋಟದ ಮನೆಗೆ ನಾನು ಬಂದ ಮೊದಲ ವಾರವೇ ಆ ಸುದ್ದಿ ನನ್ನ ಕಿವಿಗೂ ಬಿತ್ತು. ನಾನು ಹಂದನಕೆರೆ ಕಡೆಯವಳು, ರಾಗಿ ಹೊಲದ ಬಯಲಲ್ಲಿ ಗಾಳಿಗೆ ಮೈಯೊಡ್ಡಿ ಬೆಳೆದವಳು. ಇಲ್ಲಿ ನೋಡಿದರೆ ಹಗಲಲ್ಲೂ ತೆಂಗಿನ ನೆರಳು, ನೆರಳಿನ ತುಂಬ ತೇವ, ತೇವ ಇದ್ದಲ್ಲೆಲ್ಲ ಸೊಳ್ಳೆ. ಒಂದು ಕಚ್ಚಿದರೆ ಸಾಕು, ಹೆಸರುಕಾಳಿನಷ್ಟಿದ್ದ ದದ್ದು ನೋಡನೋಡುತ್ತಲೇ ಅವರೆಕಾಳಿನಷ್ಟಾಗಿ, ಸಂಜೆ ಹೊತ್ತಿಗೆ ಮುಂಗೈ ಪೂರ್ತಿ ಕೆಂಪಗೆ ಊದಿಕೊಳ್ಳುತ್ತಿತ್ತು. ಪಕ್ಕದಲ್ಲೇ ಬರಿಮೈಯಲ್ಲಿ ಕೂತ ಈ ಮಹಾರಾಯನ ಬೆನ್ನ ಮೇಲೆ ಒಂದು ಚುಕ್ಕೆ ಇರುತ್ತಿರಲಿಲ್ಲ. ಹೊಟ್ಟೆ ಉರಿದುಹೋಗುತ್ತಿತ್ತು ನನಗೆ.

"ಅವುನ್ ರಕ್ತ ಕಹಿ ಕಣೇ. ಸೊಳ್ಳೆ ಮೂಸ್ ನೋಡಿ ಓಡೋಯ್ತದೆ. ನಿಂದು ಸಿಹಿ, ಏನ್ ಮಾಡಕಾಯ್ತದೆ," ಅನ್ನುತ್ತಿದ್ದರು ಅತ್ತೆ. ಮಗನ ರಕ್ತ ಕಹಿ ಅನ್ನುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ. ಏನೋ ಮಗ ಪದಕ ಗೆದ್ದುಕೊಂಡು ಬಂದ ಹಾಗೆ.

ನನ್ನ ದದ್ದುಗಳಿಗೆ ಅವರೇ ವೈದ್ಯರು. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸುವ ಮುಂಚೆ ನನ್ನನ್ನು ಕರೆದು, ತೋರುಬೆರಳಿಗೆ ಎಂಜಲು ತೆಗೆದು ಒಂದೊಂದೇ ದದ್ದಿನ ಮೇಲೆ ಸವರುತ್ತಿದ್ದರು. ಮೊದಮೊದಲು ನನಗೆ ಅಸಹ್ಯವಾಗುತ್ತಿತ್ತು. ಆದರೆ ತುರಿಕೆ ನಿಜವಾಗಿಯೂ ಕಡಿಮೆಯಾಗುತ್ತಿತ್ತೋ ಅಥವಾ ಅವರ ಬೆರಳಿನ ತಣುಪಿಗೆ ಹಾಗನ್ನಿಸುತ್ತಿತ್ತೋ, ವರ್ಷಗಳು ಉರುಳಿದ ಮೇಲೆ ನಾನೇ ಕೈಚಾಚಿಕೊಂಡು ಹೋಗಿ ನಿಲ್ಲುತ್ತಿದ್ದೆ. ಮಕ್ಕಳಿಲ್ಲದ ಮನೆ, ಮೂರೇ ಜನ. ನನ್ನ ಮತ್ತು ಅತ್ತೆಯ ನಡುವಿನ ಪ್ರೀತಿ ಅಂತ ಏನಾದರೂ ಇದ್ದರೆ ಅದು ಆ ಬೆಳಗಿನ ಎಂಜಲಿನಲ್ಲಿ ಇತ್ತು.

ತಮಾಷೆ ಎಂದರೆ, ಉಳಿದಂತೆ ಎಂಜಲು ಅನ್ನುವ ಪದ ಕೇಳಿದರೇ ಅವರಿಗೆ ಮೈಮೇಲೆ ಬರುತ್ತಿತ್ತು. ಎಂಜಲು ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಟಿದರೆ ಡಬ್ಬಿಯೇ ಹೊರಗೆ. ಗಂಡ ಉಂಡ ತಟ್ಟೆಯಲ್ಲಿ ಹೆಂಡತಿ ಉಣ್ಣಬಹುದು, ಹೆಂಡತಿ ಕುಡಿದುಬಿಟ್ಟ ಲೋಟವನ್ನು ಗಂಡ ಮುಟ್ಟಬಾರದು. ನಮ್ಮ ಮನೆಯಲ್ಲಿ ಶಿವಪೂಜೆಗೆ ಮುಂಚೆ ಸ್ನಾನದ ನೀರು ಕಾಯುವುದೂ, ಎಡೆ ಬೇಯುವುದೂ ಒಂದೇ ಒಲೆಯ ಬೆಂಕಿಯಲ್ಲಿ. ಆ ಒಲೆಗೆ ಗರಿ ಹಾಕಬಹುದು, ಮಟ್ಟೆ ಹಾಕಬಹುದು, ಕರಟ ಹಾಕಬಹುದು. ಬಾಯಿಟ್ಟು ಕುಡಿದ ಎಳನೀರಿನ ಬುರುಡೆಯನ್ನು ಮಾತ್ರ ಹಾಕಕೂಡದು, ಅದು ಎಂಜಲು. ಬೇರೆ ಮನೆಗಳಲ್ಲಿ ಬುರುಡೆ ಒಡೆದು, ಒಳಗಿನ ಎಳೆ ತಿರುಳಿನ ಗಂಜಿ ತಿಂದು, ಬಿಸಿಲಿಗೆ ಒಣಹಾಕಿ ಉರಿಸುತ್ತಾರೆ. ನಮ್ಮಲ್ಲಿ ಒಡೆಯಲು ಮಚ್ಚು ಮುಟ್ಟಿಸುವ ಹಾಗೂ ಇಲ್ಲ, ಅದೇ ಮಚ್ಚಿನಲ್ಲಿ ದೇವರ ಕಾಯಿಯ ಜುಟ್ಟು ಬಿಡಿಸಬೇಕಲ್ಲ! ಹಾಗಾಗಿ ಕುಡಿದ ಬುರುಡೆಗಳು ಇಡಿಇಡಿಯಾಗಿ, ಬಾಯಿ ತೆರೆದುಕೊಂಡು, ದನದ ಕೊಟ್ಟಿಗೆಯ ಹಿಂದಿನ ಮಟ್ಟೆ ಗುಡ್ಡೆಯ ಆಚೆ ಹೋಗಿ ಬೀಳುತ್ತಿದ್ದವು. ಇದು ನಮ್ಮ ಮನೆಯ ಮಡಿ. ಯಾರೂ ಪ್ರಶ್ನೆ ಮಾಡಿರಲಿಲ್ಲ.

ಕಹಿ ರಕ್ತದ ಮನುಷ್ಯನಿಗೆ ಒಂದು ಮಳೆಗಾಲದಲ್ಲಿ ಡೆಂಗಿ ಬಂತು. ಜ್ವರ ಬಂತು, ಮೈಕೈ ಮುರಿದ ಹಾಗಾಯಿತು, ತಿಪಟೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಡೆಂಗಿ ಅಂದರು. ವಾರದಲ್ಲಿ ಎದ್ದು ಓಡಾಡಿದರು. ಆದರೆ ಆ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಈ ಕಾಯಿಲೆಯಲ್ಲಿ ನಾಲ್ಕು ಜಾತಿ ಇದೆಯಮ್ಮ, ಒಂದು ಬಂದುಹೋದರೆ ಅದೊಂದರಿಂದ ರಕ್ಷಣೆ ಸಿಗುತ್ತದೆ, ಇನ್ನೊಂದು ಜಾತಿಯದು ಬಂದರೆ ಎರಡನೇ ಸಲ ಮೊದಲಿಗಿಂತ ಕೆಟ್ಟದಾಗಿ ಹಿಡಿಯಬಹುದು, ಇವರನ್ನು ಸೊಳ್ಳೆಯಿಂದ ಕಾಪಾಡಿಕೋ ಎಂದರು. ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕರು. ಸೊಳ್ಳೆ ಕಚ್ಚದವನಿಗೆ ಸೊಳ್ಳೆ ರೋಗ ಹೇಗೆ ಬರುತ್ತದೆ, ಅಮ್ಮಸಂದ್ರದಲ್ಲಿ ನೆಂಟರ ಮದುವೆ ಊಟ ಮಾಡಿ ಬಂದಿದ್ದನಲ್ಲ, ಅದು ಮೈಗೆ ಆಗಿಬಂದಿಲ್ಲ ಎಂದು ತೀರ್ಪು ಕೊಟ್ಟರು. ಮಗನೂ ತಲೆಯಾಡಿಸಿದರು. ಆ ಮನೆಯಲ್ಲಿ ನಾನೊಬ್ಬಳೇ ಹೆದರಿಕೊಂಡಿದ್ದವಳು.

ನನಗೊಬ್ಬಳು ತಂಗಿ. ಸೊಳ್ಳೆಗಳನ್ನು ಸಾಕುವ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ. ಸಾಕುವುದು ಅಂದರೆ ಸಾಕುವುದೇ, ನಾವು ಕೋಳಿ ಸಾಕಿದ ಹಾಗೆ. ನೀನು ಅಷ್ಟೆಲ್ಲ ಓದಿ ಸೊಳ್ಳೆಗೆ ಊಟ ಹಾಕುವ ಕೆಲಸ ಹಿಡಿದೆಯಲ್ಲೇ ಎಂದು ನಾನು ಅವಳನ್ನು ಆಡಿಕೊಳ್ಳುತ್ತಿದ್ದೆ. ನನ್ನ ಗಂಡನಿಗೆ ಡೆಂಗಿ ಬಂದ ಎರಡು ವರ್ಷಕ್ಕೆ, ಮೃಗಶಿರಾ ಮಳೆ ಹಿಡಿದ ಹೊತ್ತಿನಲ್ಲಿ ನಾಲ್ಕು ದಿನ ಇದ್ದು ಹೋಗೋಣವೆಂದು ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ಬಿಳಿ ಬೇಸಿನ್ ಹಿಡಿದು ಕೊಟ್ಟಿಗೆ ಹಿಂದೆ ಹೋಗಿ, ಒಂದು ಬುರುಡೆ ಎತ್ತಿ ಬೇಸಿನ್ನಿಗೆ ಬಗ್ಗಿಸಿದಳು. ಕಂದುಬಣ್ಣದ ನೀರಿನ ಜೊತೆ ಕೂದಲೆಳೆಯಂಥ ಹುಳುಗಳು ಬಿದ್ದು ಬಳುಕತೊಡಗಿದವು. ಇನ್ನೊಂದು ಬಗ್ಗಿಸಿದಳು, ಅದರಲ್ಲೂ ಇದ್ದವು.

"ಇವನ್ನೆಲ್ಲ ಒಡೆದು ಹಾಕ್ಸಕ್ಕ," ಎಂದಳು. ಮುಖದಲ್ಲಿ ನಗು ಇರಲಿಲ್ಲ.

ಅದೇ ಮಧ್ಯಾಹ್ನ ನಮ್ಮ ಯಜಮಾನರು ಜಗಲಿಯ ಮುಂದೆ ಕೊಬ್ಬರಿ ಕಾಯಿ ಆರಿಸುತ್ತ ಕೂತಿದ್ದರು. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಒಣಗಿದ ಕೊಬ್ಬರಿ ಗಿಟುಕು ಕರಟದಿಂದ ಬಿಡಿಸಿಕೊಂಡು ಲೊಟಲೊಟ ಉರುಳಿದರೆ ಆಯಿತು, ಒಡೆಯಬಹುದು. ನೀರಿನ ಸದ್ದು ಬಂದರೆ ಅಟ್ಟಕ್ಕೆ ವಾಪಸ್. ಪಂಚೆ ಮೊಣಕಾಲ ಮೇಲಕ್ಕೆ ಕಟ್ಟಿ, ಕಣ್ಣು ಮುಚ್ಚಿ, ಕಾಯಿಯ ಮಾತು ಕೇಳುತ್ತಿರುವವರ ಹಾಗೆ ಕೂತಿದ್ದರು. ತಂಗಿ ನನ್ನ ಕೈ ಹಿಡಿದು ಮೆಲ್ಲಗೆ, "ಅಲ್ಲಾಡಬೇಡ. ಭಾವನ ಕಾಲು ನೋಡು," ಎಂದಳು.

ಮೀನಖಂಡದ ಮೇಲೆ ಒಂದು ಸೊಳ್ಳೆ. ಕಪ್ಪು ಕಾಲಿಗೆ ಬಿಳಿ ಪಟ್ಟೆ. ಅದು ಅವಸರವಿಲ್ಲದೆ ಕುಡಿಯಿತು. ಅದರ ಹೊಟ್ಟೆ ಕೆಂಪಗೆ ಉಬ್ಬಿದ್ದು ನಮ್ಮಿಬ್ಬರಿಗೂ ಕಂಡಿತು. ಆಮೇಲೆ ಭಾರವಾಗಿ ಎದ್ದು ಮಟ್ಟೆ ಗುಡ್ಡೆಯ ಕಡೆಗೆ ಹೋಯಿತು. ನನ್ನ ಗಂಡ ಕಾಯಿ ಅಲ್ಲಾಡಿಸುತ್ತಲೇ ಇದ್ದರು. ಕಾಲು ಕೂಡ ಆಡಿಸಲಿಲ್ಲ. ದದ್ದು ಏಳುತ್ತದೇನೋ ಎಂದು ಕಾದೆವು. ಕಾಫಿ ಕಾಯಿಸಿ ತಂದುಕೊಟ್ಟು ಮತ್ತೆ ನೋಡಿದೆ. ಚರ್ಮ ಮೊದಲಿದ್ದ ಹಾಗೇ ಇತ್ತು.

"ಸೊಳ್ಳೆ ಭಾವನ್ನ ಕಚ್ಚದೆ ಬಿಟ್ಟಿಲ್ಲ ಕಣಕ್ಕ," ಎಂದಳು ತಂಗಿ ಒಳಗೆ ಬಂದ ಮೇಲೆ. "ಭಾವನ ಮೈ ಜಗಳ ಆಡೋದನ್ನ ಬಿಟ್ಟುಬಿಟ್ಟಿದೆ, ಅಷ್ಟೇ."

ಅಡುಗೆಮನೆಯ ಹೊಸಿಲ ಮೇಲೆ ಕೂತು ಅವಳು ನನಗೆ ಎಲ್ಲ ಬಿಡಿಸಿ ಹೇಳಿದಳು. ಸೊಳ್ಳೆ ಮೊದಲು ಕುಡಿಯುವುದಿಲ್ಲವಂತೆ, ಮೊದಲು ಉಗುಳುತ್ತದಂತೆ. ಅದರ ಎಂಜಲಿನಲ್ಲಿ ಬಗೆಬಗೆಯ ಪ್ರೋಟೀನುಗಳಿವೆ, ಒಂದು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಂಡರೆ ಇನ್ನೊಂದು ನಮ್ಮ ಮೈಯ ಕಾವಲನ್ನು ದಿಕ್ಕುತಪ್ಪಿಸುತ್ತದೆ. ರೋಗದ ವೈರಸ್ ಬರುವುದೂ ಆ ಎಂಜಲಿನ ಜೊತೆಯಲ್ಲೇ. ಬರೀ ವೈರಸ್ಸನ್ನು ಸೂಜಿಯಲ್ಲಿ ಚುಚ್ಚಿದ್ದಕ್ಕಿಂತ, ಎಂಜಲು ಕೂಡಿಕೊಂಡು ಬಂದ ವೈರಸ್ ಮೈಯಲ್ಲಿ ಸಲೀಸಾಗಿ ನೆಲೆಯೂರುತ್ತದೆ. ನಮ್ಮ ದದ್ದು, ತುರಿಕೆ ಎಲ್ಲ ಆ ಎಂಜಲಿನ ಮೇಲೆ ನಮ್ಮ ಮೈ ಮಾಡುವ ಗಲಾಟೆ. ಹುಟ್ಟಿದಾಗಿನಿಂದ ದಿನಾ ಕಚ್ಚಿಸಿಕೊಂಡವರಲ್ಲಿ ಕೆಲವರ ಮೈ ಆ ಗಲಾಟೆಯನ್ನೇ ನಿಲ್ಲಿಸಿಬಿಡುತ್ತದೆ.

ಹಾಗಾದರೆ ದದ್ದೆದ್ದ ನಾನೇ ವಾಸಿಯಾ ಎಂದು ಕೇಳಿದೆ. ಹಾಗೂ ಅಲ್ಲ ಎಂದಳು. ತಪ್ಪು ಗಲಾಟೆಯೂ ಕೆಲವು ಸಲ ವೈರಸ್ಸಿಗೇ ಅನುಕೂಲ, ದದ್ದಿಗೆ ಓಡಿಬಂದ ಕಾವಲಿನವರ ಹೆಗಲೇರಿಯೇ ಅದು ಒಳಗೆ ಹೋಗುತ್ತದೆ. ಅವಳ ಜೊತೆಯವರು ಹುಡುಕುತ್ತಿದ್ದುದು ಸರಿಯಾದ ಗಲಾಟೆ ಕಲಿಸುವ ಲಸಿಕೆಯನ್ನು. ಎಂಜಲಿನಲ್ಲಿರುವ ಯಾವ ಪ್ರೋಟೀನನ್ನು ಗುರುತು ಹಿಡಿಸಿದರೆ, ಸೊಳ್ಳೆ ಉಗುಳಿದ ತಕ್ಷಣ ಮೈ ಎಚ್ಚೆತ್ತು ಅಲ್ಲೇ ವೈರಸ್ಸನ್ನು ತಡೆಯುತ್ತದೆ ಎಂಬುದೇ ಅವರ ಹುಡುಕಾಟ. ಆಗ ಒಳಗಿರುವುದು ಡೆಂಗಿಯೋ ಚಿಕುನ್‌ಗುನ್ಯವೋ ಇನ್ನೂ ಹೆಸರಿಡದ ಯಾವುದೋ, ಒಂದೊಂದಕ್ಕೂ ಬೇರೆಬೇರೆ ಲಸಿಕೆ ಹುಡುಕುತ್ತ ಕೂರಬೇಕಿಲ್ಲ. ಎಂಜಲನ್ನು ಕೂಡಿಸುವುದು ಹೇಗೆ ಎಂದರೆ, ಸೊಳ್ಳೆಯ ಮೂತಿಯನ್ನು ಕೂದಲಿನಷ್ಟು ಸಪೂರದ ಗಾಜಿನ ಕೊಳವೆಗೆ ತೂರಿಸಿ ಕಾಯುವುದು. ಅದು ಕಣ್ಣಿಗೆ ಕಾಣದಷ್ಟು ಉಗುಳುತ್ತದೆ. ಅಂಥ ಎಷ್ಟೋ ಸೊಳ್ಳೆಯ ಎಂಜಲು ಕೂಡಿದರೂ ಒಂದು ಹನಿಯಾಗುವುದಿಲ್ಲ ಎಂದಳು.

ಅತ್ತೆ ನಡುಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. "ಥೂ, ಸೊಳ್ಳೆ ಎಂಜಲಂತೆ, ಅದ್ನ ಜೋಪಾನ ಮಾಡ್ತಾರಂತೆ," ಎಂದು ಬಾಯಿ ತೊಳೆಯಲು ಬಚ್ಚಲಿಗೆ ಹೋದರು. ತಂಗಿ ನಕ್ಕಳು. ನನಗೆ ನಗು ಬರಲಿಲ್ಲ. ಡಾಕ್ಟರು ಹೇಳಿದ ಎರಡನೇ ಸಲದ ಮಾತು ನನ್ನ ತಲೆಯಲ್ಲಿ ಓಡಾಡುತ್ತಿತ್ತು. ನಿನ್ನ ಲಸಿಕೆ ಯಾವಾಗ ಬರುತ್ತದೆ ಎಂದು ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಸದ್ಯಕ್ಕಂತೂ ಇಲ್ಲ ಎಂದಳು.

ಅವಳು ಹೋದ ಮೇಲೆ ನಾನು ಮನೆಯಲ್ಲಿ ಯುದ್ಧವನ್ನೇ ಶುರುಮಾಡಿದೆ. ತಿಪಟೂರಿಗೆ ಹೋಗಿ ಸೊಳ್ಳೆಪರದೆ ತಂದೆ, ಮುಲಾಮು ತಂದೆ, ಗಂಡನಿಗೆ ಒಂದು ತುಂಬುತೋಳಿನ ಅಂಗಿ ತಂದೆ. ಮುಲಾಮು ಒಂದು ದಿನ ಹಚ್ಚಿಕೊಂಡರು. ಮದುವೆ ಹೆಣ್ಣಿನ ಹಾಗೆ ಗಮಗಮ ಅನ್ನುತ್ತೀನಿ, ಆಳುಗಳ ಮುಂದೆ ಮಾನ ಹೋಯಿತು ಎಂದು ಮಾರನೇ ದಿನ ಎತ್ತಿಟ್ಟರು. ಅಂಗಿಯ ಗುಂಡುಪಿನ್ನುಗಳನ್ನೂ ಬಿಚ್ಚಲಿಲ್ಲ, ಯಾವುದಾದರೂ ಮದುವೆಗೆ ಆಯಿತು ಬಿಡು ಎಂದು ಬೀರುವಿನಲ್ಲಿಟ್ಟರು. ನನ್ನ ಬಾಯಿಗೆ ಹೆದರಿ ಬೆಳಗ್ಗೆ ಪಂಚೆ ಇಳಿಬಿಡುತ್ತಿದ್ದರು, ನಾನು ಬೆನ್ನು ತಿರುಗಿಸಿದ್ದೇ ಮೇಲಕ್ಕೆ ಕಟ್ಟುತ್ತಿದ್ದರು. ಬುರುಡೆಗಳನ್ನು ಒಡೆಯಿರಿ ಅಂದರೆ, ಹಳೇ ಕೊಡಲಿ ಹುಡುಕಿ ಒಂದಷ್ಟು ಒಡೆದರು. ಅತ್ತೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ಎಂಜಲು ಹಾರುತ್ತದೆ, ದನದ ಮೇವಿಗೆ ಬೀಳುತ್ತದೆ ಎಂದು ಶುರುಮಾಡಿದ ಮೇಲೆ ಕೊಡಲಿ ಕೆಳಗಿಟ್ಟರು. ಅಮ್ಮನಿಗೂ ಬೇಸರವಾಗಬಾರದು, ಹೆಂಡತಿಗೂ ಬೇಸರವಾಗಬಾರದು, ಇದು ಅವರ ಜೀವನಪೂರ್ತಿಯ ಕಸರತ್ತು.

ಪುಷ್ಯ ಮಳೆಯ ಹೊತ್ತಿಗೆ ಜ್ವರ ಬಂದದ್ದು ನನಗೆ. ಕಣ್ಣುಗುಡ್ಡೆಯ ಹಿಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ ನೋವು. ಪರೀಕ್ಷೆ ಮಾಡಿಸಿದರೆ ಡೆಂಗಿ. ನಿಮಗೆ ಇದು ಮೊದಲ ಸಲವಿರಬೇಕು, ಹೆದರಬೇಡಿ, ಚೆನ್ನಾಗಿ ನೀರು ಕುಡಿಯಿರಿ, ಹಗಲಲ್ಲೂ ಪರದೆಯೊಳಗೇ ಮಲಗಿರಿ ಎಂದರು ಡಾಕ್ಟರು. ಪರದೆ ನಿಮ್ಮನ್ನು ಕಾಪಾಡಲು ಅಲ್ಲ, ನಿಮ್ಮನ್ನು ಕಚ್ಚಿದ ಸೊಳ್ಳೆ ಆಮೇಲೆ ಯಜಮಾನರನ್ನು ಕಚ್ಚಬಾರದು ಎಂದೂ ಹೇಳಿದರು. ನಾನು ಗಂಡನ ಮುಖ ನೋಡಿದೆ. ಅವರು ಔಷಧಿ ಚೀಟಿ ಮಡಿಸುತ್ತಿದ್ದರು.

ನಮ್ಮ ಕಡೆ ಜ್ವರದವರನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬೊಬ್ಬರ ತೋಟದಲ್ಲೂ ಅವರು ನೆಚ್ಚಿಕೊಂಡ ಒಂದು ಮರ ಇರುತ್ತದೆ, ಅದರ ಎಳನೀರು ಔಷಧಿ ಎಂದೇ ನಂಬಿಕೆ. ಗೊನೆಗೊನೆಯೇ ಜಗಲಿಗೆ ಬಂದು ಬಿತ್ತು. ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟರು, ಹೊದಿಕೆ ಬೇರೆ ಇಟ್ಟರು, ನನ್ನೆಂಜಲು ಮನೆಯವರಿಗೆ ತಾಗದ ಹಾಗೆ ಹದ್ದಿನಂತೆ ಕಾದರು. ನನ್ನ ಗಂಡ ಪರದೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಎಳನೀರು ಕೆತ್ತಿ ಕೆತ್ತಿ ಕೊಡುವರು. ನಾನು ನಾಲ್ಕು ಗುಟುಕು ಕುಡಿದು ಸಾಕು ಅನ್ನುವೆ. ಅವರು ಅಮ್ಮ ಎಲ್ಲಿದ್ದಾರೆ ಎಂದು ಒಮ್ಮೆ ಹಿಂತಿರುಗಿ ನೋಡಿ, ಉಳಿದದ್ದನ್ನು ಗಟಗಟ ಎತ್ತಿಬಿಡುವರು.

"ಎಂಜಲು ಕಣ್ರೀ," ಎಂದೆ ಮೊದಲ ದಿನ.

"ನಿನ್ನೆಂಜಲು ನಂಗೇನ್ ವಿಷವಾ? ಸುಮ್ನೆ ಮಲಿಕ್ಕೊ," ಎಂದರು.

ಜ್ವರದಲ್ಲೂ ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟು ವರ್ಷದ ಸಂಸಾರದಲ್ಲಿ ನಾನು ಬಾಯಿಟ್ಟದ್ದನ್ನು ಅವರು ಮುಟ್ಟಿದ್ದು ಅದೇ ಮೊದಲು. ಬುರುಡೆಗಳನ್ನು ಯಾರೂ ಒಡೆಯಲಿಲ್ಲ. ಜ್ವರದವಳ ಎಂಜಲು ಎಂದರೆ ಎಂಜಲಿಗಿಂತ ಎಂಜಲು, ಅದಕ್ಕೆ ಕೊಡಲಿಯೂ ಬೇಡ ಎಂದರು ಅತ್ತೆ. ಕುಡಿದದ್ದು ಕುಡಿದ ಹಾಗೆಯೇ ಕೊಟ್ಟಿಗೆ ಹಿಂದಕ್ಕೆ ಹೋಯಿತು. ಮಳೆ ಮಾತ್ರ ದಿನಾ ಸಣ್ಣಗೆ ಹುಯ್ಯುತ್ತಲೇ ಇತ್ತು.

ಎಷ್ಟು ಹೊತ್ತೆಂದು ಪರದೆಯೊಳಗಿರುವುದು! ಬಚ್ಚಲಿಗೆ ಏಳಬೇಕು, ವಾಂತಿಗೆ ಏಳಬೇಕು, ಸೆಖೆಗೆ ತಡೆಯಲಾರದೆ ಹಿತ್ತಲ ಬಾಗಿಲಲ್ಲಿ ಗಳಿಗೆ ಕೂರಬೇಕು. ಒಂದು ಬೆಳಗ್ಗೆ ಹಾಗೆ ಕೂತು ಬಂದು ಪರದೆಯೊಳಗೆ ಸೇರಿಕೊಂಡಾಗ ನನ್ನ ಮೊಣಕೈ ಹತ್ತಿರ ಹೊಸ ದದ್ದು ಏಳುತ್ತಿತ್ತು. ಆಮೇಲೊಂದು ದಿನ, ಜ್ವರ ಇಳಿದು ನಾನು ದಿಂಬಿಗೊರಗಿ ಕೂತಿದ್ದಾಗ, ಪರದೆಯ ಈಚೆಯಿಂದ ನೋಡುತ್ತೇನೆ, ಸ್ಟೂಲಿನ ಮೇಲಿದ್ದ ನನ್ನ ಗಂಡನ ಪಾದದ ಗೆಣ್ಣಿನ ಮೇಲೆ ಪಟ್ಟೆ ಕಾಲಿನ ಸೊಳ್ಳೆ. ಕೂಗಿಕೊಂಡೆ. ಅವರು ಬೆಚ್ಚಿ ಪಟ್ಟೆಂದು ಹೊಡೆದರು. ಅಂಗೈ ಮೇಲೆ ಕುಂಕುಮದ ಬೊಟ್ಟಿನಷ್ಟು ರಕ್ತ. ಅದು ಅವರದೋ, ನನ್ನದೋ, ಹೇಗೆ ಹೇಳುವುದು? ಅವರು ಅದನ್ನು ಎಳನೀರಿನ ಸಿಪ್ಪೆಗೆ ಒರೆಸಿ, ಇಷ್ಟಕ್ಕೆಲ್ಲ ಹಿಂಗೆ ಕಿರಚ್ತಾರಾ ಎಂದು ಮತ್ತೊಂದು ಎಳನೀರು ಎತ್ತಿಕೊಂಡರು.

ಎದ್ದು ಓಡಾಡುವಂತಾದ ದಿನವೇ ಗೋಡೆ ಹಿಡಿದುಕೊಂಡು ಕೊಟ್ಟಿಗೆ ಹಿಂದೆ ಹೋದೆ. ನನ್ನ ಬುರುಡೆಗಳೆಲ್ಲ ಮೇಲ್ಮುಖವಾಗಿ ಮಳೆನೀರು ತುಂಬಿಕೊಂಡು ಕೂತಿದ್ದವು. ಬಗ್ಗಿ ನೋಡಿದರೆ ಹುಳುಗಳು ಕಾಣಲಿಲ್ಲ. ನೀರಿನ ಮೇಲೆ ಹೊಟ್ಟಿನಂಥ ತೆಳ್ಳಗಿನ ಏನೋ ತೇಲುತ್ತಿತ್ತು. ಸದ್ಯ, ಹುಳ ಇಲ್ಲ ಎಂದು ಸಮಾಧಾನಪಟ್ಟುಕೊಂಡು ತಂಗಿಗೆ ಫೋನು ಮಾಡಿ ಹೇಳಿದೆ.

"ಅದು ಪೊರೆ ಕಣಕ್ಕ. ಕಳಚಿಟ್ಟು ಹಾರಿಹೋಗಿವೆ," ಎಂದಳು.

ನನ್ನ ಗಂಡನನ್ನು ಕರೆದು ಅಲ್ಲೇ ನಿಲ್ಲಿಸಿಕೊಂಡು ಅಷ್ಟನ್ನೂ ಒಡೆಸಿದೆ. ಅತ್ತೆ ಏನೇನೋ ಅಂದರು, ನಾನೂ ಅಂದೆ. ಆದರೆ ಆಗಬೇಕಾದದ್ದು ಆಗಲೇ ರೆಕ್ಕೆ ಬಿಚ್ಚಿಕೊಂಡು ಮನೆಯೊಳಗೆ ಬಂದಾಗಿತ್ತು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಏನಾದರೊಂದು ನೆಪ ಮಾಡಿ ಗಂಡನ ಹಣೆ ಮುಟ್ಟುತ್ತಿದ್ದೆ. ಹಣೆಯಲ್ಲಿ ವಿಭೂತಿ ಸರಿಯಾಗಿಲ್ಲ ಅನ್ನುವೆ, ಕೂದಲಲ್ಲಿ ನಾರು ಸಿಕ್ಕಿದೆ ಅನ್ನುವೆ. ಅವರಿಗೆ ಗೊತ್ತಾಗಿ ರೇಗಿದರು, ನಾನೇನು ಹಾಲು ಕುಡಿಯುವ ಮಗುವಾ ಎಂದು. ಹಣೆ ತಣ್ಣಗಿದ್ದ ದಿನವೆಲ್ಲ ನನಗೆ ಹಬ್ಬ. ಆಶ್ಲೇಷ ಮಳೆ ಹಾಗೆಯೇ ಕಳೆಯಿತು. ಬಹುಶಃ ತಪ್ಪಿಸಿಕೊಂಡೆವು ಎಂದು ನಾನು ಉಸಿರು ಬಿಡುವ ಹೊತ್ತಿಗೆ, ಮಖೆ ಮಳೆ ಹುಟ್ಟುವ ಮುಂಚಿನ ಒಂದು ಬಿಸಿಲಿನ ದಿನ, ತೋಟದಿಂದ ಬಂದವರು ಜಗಲಿಯ ಮೇಲೆ ಕೂತು ಕಂಬಳಿ ಕೇಳಿದರು.

ಎರಡನೇ ಸಲ ಎಂದು ಡಾಕ್ಟರಿಗೆ ನಾನೇ ಹೇಳಿದೆ. ಅವರು ದಿನಾ ರಕ್ತ ಪರೀಕ್ಷೆಗೆ ಬನ್ನಿ ಎಂದರು. ಜ್ವರ ಇರುವಾಗಲ್ಲ ಭಯ, ಜ್ವರ ಬಿಟ್ಟಾಗ ಮೈಯೆಲ್ಲ ಕಣ್ಣಾಗಿರಿ, ಹೊಟ್ಟೆನೋವು ಅಂದರೆ, ಕೈ ತಣ್ಣಗಾದರೆ ಒಂದು ಗಳಿಗೆ ತಡಮಾಡಬೇಡಿ ಎಂದು ಎಚ್ಚರಿಸಿದರು. ಮನೆಗೆ ಬಂದರೆ ಅತ್ತೆ ಅಡುಗೆಮನೆಯಲ್ಲಿ ಬೆನ್ನು ಮಾಡಿ ಕೂತಿದ್ದರು.

"ನೋಡಿದೀನಿ ಕಣೇ ನಾನು. ನೀನ್ ಕುಡ್ದು ಬಿಟ್ಟಿದ್ನ ಕುಡೀತಿದ್ದ. ಹೆಂಡ್ತಿ ಎಂಜಲು ಕುಡ್ದ, ಅದ್ಕೇ ಹಿಂಗಾಯ್ತು," ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. ಎಳನೀರಿಗೂ ಇದಕ್ಕೂ ಸಂಬಂಧವಿಲ್ಲ, ಇದು ಸೊಳ್ಳೆಯಿಂದ ಬಂದದ್ದು, ನೀವು ಒಡೆಯಬೇಡಿ ಅಂದ ಬುರುಡೆಯಲ್ಲಿ ಹುಟ್ಟಿದ ಸೊಳ್ಳೆ, ನನ್ನನ್ನು ಕಚ್ಚಿ ಅವರನ್ನು ಕಚ್ಚಿತು, ನನ್ನ ರೋಗವನ್ನು ಅದರ ಎಂಜಲಿನಲ್ಲಿ ತಂದು ಅವರಿಗೆ ಉಗುಳಿತು ಎಂದು ಕೂಗಾಡಿದೆ. ಕೂಗಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅತ್ತೆ ಹೇಳಿದ್ದೂ ಅದನ್ನೇ, ನಾನು ಹೇಳಿದ್ದೂ ಅದನ್ನೇ. ನನ್ನೆಂಜಲು ಅವರನ್ನು ಮುಟ್ಟಿತ್ತು.

ಜ್ವರ ಬಿಟ್ಟ ಬೆಳಗ್ಗೆ ಅತ್ತೆ ದೇವರ ಮುಂದೆ ಕಾಯಿ ಒಡೆದರು. ಮಗ ಬಸ್ಸಾರು ಮುದ್ದೆ ಕೇಳಿದ್ದೇ ತಡ, ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಗಂಡ ಜಗಲಿಗೆ ಬಂದು ಕೂತು, ಎರಡು ಕೊಬ್ಬರಿ ಕಾಯಿ ತರಿಸಿಕೊಂಡು ಕಿವಿಗೆ ಹಿಡಿದು ಅಲ್ಲಾಡಿಸಿದರು. ಮನೆಯಲ್ಲಿ ಎಲ್ಲರೂ ನಗುತ್ತಿದ್ದರೆ ನಾನು ಡಾಕ್ಟರು ಹೇಳಿದ ಗುರುತುಗಳನ್ನು ಅವರ ಮೈಯಲ್ಲಿ ಹುಡುಕುತ್ತಿದ್ದೆ. ಮುದ್ದೆ ಅರ್ಧ ಮುರಿದು ಸಾಕು ಎಂದರು. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ಇನ್ನೊಂದು ಕೈಯನ್ನು ನಾನು ಹಿಡಿದು ನೋಡಿದೆ, ಬಾವಿಯಿಂದ ಈಗ ತಾನೇ ಎತ್ತಿದ ಕೊಡದಷ್ಟು ತಣ್ಣಗಿತ್ತು. ಪಕ್ಕದ ತೋಟದವರ ಕಾರು ತರಿಸಿದೆ. ತಿಪಟೂರಿನಲ್ಲಿ ಸೂಜಿ ಚುಚ್ಚಿ ಬಾಟಲಿ ಏರಿಸಿ, ಹಾಗೆಯೇ ತುಮಕೂರಿಗೆ ಕಳಿಸಿದರು.

ಅಲ್ಲಿಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು, ಅವರನ್ನು ದೂರುವ ಹಾಗಿಲ್ಲ. ರಕ್ತನಾಳಗಳಿಂದ ನೀರಂಶ ಹೊರಕ್ಕೆ ಸೋರುತ್ತಿದೆ, ಹೊಟ್ಟೆಯಲ್ಲೂ ಎದೆಯಲ್ಲೂ ನೀರು ಕೂಡಿದೆ ಎಂದು ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನಗೆ ನಿಧಾನವಾಗಿ ತಿಳಿಸಿ ಹೇಳಿದಳು. ಹಾಸಿಗೆಯಲ್ಲಿದ್ದವರಿಗೂ ಅದು ಕೇಳಿಸಿತ್ತು. ಅವಳು ಆಚೆ ಹೋದ ಮೇಲೆ ನನ್ನನ್ನು ಬೆರಳಲ್ಲಿ ಕರೆದರು. ತುಟಿಯ ಮೇಲೆ ಅದೇ ಹಳೆಯ ತುಂಟತನ.

"ನನ್ನೂ ಅಟ್ಟಕ್ಕೆ ವಾಪಸ್ ಹಾಕ್ಬೇಕು ಕಣೇ. ಒಳಗಿನ್ನೂ ನೀರೈತೆ," ಎಂದರು.

ನಾನು ನಕ್ಕೆ. ಅವರ ಎದುರು ಅಳಬಾರದು ಎಂದಲ್ಲ, ನಿಜವಾಗಿಯೂ ನಗು ಬಂತು. ಅದಾದ ಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಮಾರನೇ ದಿನ ಅವರನ್ನು ಊರಿಗೆ ತಂದು ತೋಟದಲ್ಲೇ ಮಣ್ಣು ಮಾಡಿದೆವು. ಮಖೆ ಮಳೆ ಆಗ ಶುರುವಾಯಿತು.

ಕಾರ್ಯಕ್ಕೆ ಬಂದ ತಂಗಿಯನ್ನು ನಾನು ಬಾಯಿಗೆ ಬಂದ ಹಾಗೆ ಬೈದೆ. ಎಲ್ಲೇ ನಿನ್ನ ಲಸಿಕೆ, ಅಷ್ಟು ಸೊಳ್ಳೆಗೆ ಊಟ ಹಾಕಿದ್ದೀಯಲ್ಲ, ನಿನ್ನ ಭಾವನಿಗೆ ಒಂದು ಹನಿ ಸಿಗಲಿಲ್ಲವಾ ಎಂದೆ. ಆಮೇಲೆ ನಾನೇ ಸಮಾಧಾನವಾಗಿ ಕೇಳಿದಾಗ, ಕೆಲಸ ನಡೀತಿದೆ, ಎಂಜಲಿನ ಯಾವ ಪ್ರೋಟೀನು ಹಿಡಿದರೆ ಸರಿ ಅನ್ನುವುದೇ ಇನ್ನೂ ಪೂರ್ತಿ ಬಗೆಹರಿದಿಲ್ಲ, ಮನುಷ್ಯರಿಗೆ ಕೊಟ್ಟರೆ ರೋಗ ತಡೆಯುತ್ತದೋ ಇಲ್ಲವೋ ಗೊತ್ತಿಲ್ಲ ಅಕ್ಕ ಎಂದಳು. ಗೊತ್ತಿಲ್ಲ ಎಂದು ಅವಳು ನೇರವಾಗಿ ಹೇಳಿದ್ದು ನನಗೆ ಹಿಡಿಸಿತು. ಆ ಹದಿನೈದು ದಿನ ಮನೆಗೆ ಬಂದವರೆಲ್ಲ ಎಲ್ಲ ಗೊತ್ತಿದ್ದವರ ಹಾಗೆ ಮಾತಾಡಿದ್ದರು.

ತಿಥಿಗೆ ಬಂದವರು ಕುಡಿದ ಎಳನೀರಿನ ಬುರುಡೆಗಳನ್ನು ನಾನು ಕೊಟ್ಟಿಗೆ ಹಿಂದಕ್ಕೆ ಹೋಗಲು ಬಿಡಲಿಲ್ಲ. ದೇವರ ಕಾಯಿಯ ಮಚ್ಚನ್ನೇ ತೆಗೆದುಕೊಂಡು ಅಂಗಳದ ನಡುವೆ ಕೂತು ಒಂದೊಂದನ್ನೂ ಎರಡು ಹೋಳು ಮಾಡಿದೆ. ಒಣಗಿದ ಮೇಲೆ ತಂದು ಒಲೆಗೆ ಒಡ್ಡಿದೆ. ಅತ್ತೆ ಹೊಸಿಲಲ್ಲಿ ನಿಂತು ನೋಡಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹೊರಗೆ ಜಾರಿದ್ದ ಒಂದು ಹೋಳನ್ನು ಬೆರಳ ತುದಿಯಿಂದ ಉರಿಯೊಳಕ್ಕೆ ನೂಕಿದರು. ಅವರ ಮೇಲಿದ್ದ ನನ್ನ ಸಿಟ್ಟು ಆವತ್ತು ಹೋಗಿಬಿಟ್ಟಿತು ಎಂದರೆ ಸುಳ್ಳಾಗುತ್ತದೆ, ಈಗಲೂ ಕೆಲವು ದಿನ ಅದು ಇರುತ್ತದೆ.

ಈ ವರ್ಷವೂ ಮಳೆ ಹಿಡಿದಿದೆ. ಮೊನ್ನೆ ಮಧ್ಯಾಹ್ನ ಅಟ್ಟದಿಂದ ಕಾಯಿ ಇಳಿಸಿಕೊಂಡು ಜಗಲಿಯ ಮುಂದೆ ನಾನೇ ಕೂತಿದ್ದೆ. ಕಿವಿಗೆ ಹಿಡಿದು ಅಲ್ಲಾಡಿಸುವುದು, ಕೇಳುವುದು, ಪಕ್ಕಕ್ಕಿಡುವುದು. ಅತ್ತೆ ಪಕ್ಕದಲ್ಲಿ ಗರಿ ಸೀಳಿ ಕಡ್ಡಿ ಬಿಡಿಸುತ್ತಿದ್ದರು. ಯಾವಾಗಲೋ ಕಣ್ಣು ಮುಂಗೈಯ ಮೇಲೆ ಬಿತ್ತು. ಪಟ್ಟೆ ಕಾಲಿನ ಸೊಳ್ಳೆ ಕುಡಿದು ಮುಗಿಸಿ, ಕೆಂಪು ಹೊಟ್ಟೆ ಹೊತ್ತು ಏಳುತ್ತಿತ್ತು. ಕಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಕಾಯಿ ಕೆಳಗಿಟ್ಟು ದದ್ದು ಏಳಲಿ ಎಂದು ಕಾದೆ. ಇತ್ತೀಚೆಗೆ ದದ್ದುಗಳು ಸಣ್ಣವಾಗುತ್ತಿದ್ದುದನ್ನು ಗಮನಿಸಿದ್ದೆ, ವಯಸ್ಸಾಯಿತಲ್ಲ ಎಂದುಕೊಂಡಿದ್ದೆ. ಈ ಸಲ ಹೆಸರುಕಾಳಿನಷ್ಟೂ ಏಳಲಿಲ್ಲ. ಚರ್ಮ ಸುಮ್ಮನೆ ಇತ್ತು.

ಮಾರನೇ ಬೆಳಗ್ಗೆ ಅಭ್ಯಾಸಬಲದಿಂದ ಅತ್ತೆಯ ಮುಂದೆ ಹೋಗಿ ಕೈಚಾಚಿದೆ. ಅವರು ಬೆರಳಿಗೆ ಎಂಜಲು ತೆಗೆದುಕೊಂಡು, ನನ್ನ ಮುಂಗೈಯನ್ನು ಬೆಳಕಿಗೆ ತಿರುಗಿಸಿ, ಎಲ್ಲಿ ಸವರಬೇಕೆಂದು ಹುಡುಕಿದರು. ಮೇಲಿನಿಂದ ಕೆಳಗಿನವರೆಗೆ ಹುಡುಕಿದರೂ ಏನೂ ಸಿಗಲಿಲ್ಲ. ಆ ಮುದುಕಿಯ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು.

"ನಿನ್ ರಕ್ತಾನೂ ಕಹಿ ಆಯ್ತು ಕಣೇ," ಎಂದರು. "ಇನ್ನೇನ್ ಭಯ ಇಲ್ಲ ಬುಡು."

ನನಗೆ ಡೆಂಗಿ ಒಂದು ಸಲ ಆಗಿಹೋಗಿದೆ, ಇನ್ನು ಬಂದರೆ ಎರಡನೇ ಸಲ ಅನ್ನುವುದು ಅವರಿಗೂ ಗೊತ್ತು, ಅವರು ಅದನ್ನು ಮರೆತಿದ್ದರೆ ಮರೆತೇ ಇರಲಿ ಅನ್ನಿಸಿತು. ಒಳಗೆ ಹೋಗಿ ಬೀರು ತೆಗೆದೆ. ನನ್ನ ಗಂಡ ಒಂದು ದಿನವೂ ಹಾಕದ ಆ ತುಂಬುತೋಳಿನ ಅಂಗಿ ಮಡಿಕೆಯಲ್ಲೇ ಇತ್ತು. ಗುಂಡುಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಸೀರೆಯ ಮೇಲೆಯೇ ಅದನ್ನು ತೊಟ್ಟು, ತೋಳಿನ ಗುಂಡಿ ಹಾಕಿಕೊಂಡು ಬಂದು ಕಾಯಿಯ ಮುಂದೆ ಕೂತೆ.